ಹರ್‌ಸೆಲ್ಫ್ ಹೊಡೆದು ಹಾಕಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಬಸ್ಸಿನಲ್ಲಿ ಕೇಳಿದೆ. ಆ ಗಲಾಟೆಯಲ್ಲಿ ಉತ್ತರ ಹೇಳೋಕೆ ಆಗಲಿಲ್ಲ. ಈಗ ಮನೆಗೆ ಬಂದು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ನೀನು ಬರೆದಿರೋದು 'ಅಜ್ಜಿ ಕಟ್ ದ ಲೀವ್ಸ್ ಹರ್‌ಸೆಲ್ಫ್' ಅಂತ. ಅಜ್ಜಿ ಅಂತ ಒಂದು ಸಲ ಬಂದ ಮೇಲೆ ಮತ್ತೆ ಹರ್‌ಸೆಲ್ಫ್ ಯಾಕೆ, ಹೊಡೆದು ಹಾಕು ಅಂತ ನಿಮ್ಮಪ್ಪ ಗ್ರೂಪಿನಲ್ಲಿ ಹೇಳಿದ್ದಾನೆ. ಅಣ್ಣಾ, ಹೊಡೆದು ಹಾಕಿದರೆ ವಾಕ್ಯ ತಪ್ಪಾಗಲ್ಲ, ನಿಜ. ಆದರೆ ಮಗು ಹೇಳೋಕೆ ಹೊರಟ ಮಾತೇ ಹೋಗಿಬಿಡುತ್ತದೆ. ನಿನ್ನೆ ಕೂಲಿಯವರು ಬರಲಿಲ್ಲ, ಪುಟ್ಟಿಯ ಅಜ್ಜಿ, ನಮ್ಮ ಅಮ್ಮನೇ ತೋಟಕ್ಕೆ ಹೋಗಿ ರೇಷ್ಮೆ ಸೊಪ್ಪು ಕೊಯ್ದಳು. ಆ 'ಅಮ್ಮನೇ'ಯಲ್ಲಿ ಒಂದು 'ಏ' ಇದೆ ಅಲ್ವಾ? ಆ 'ಏ' ಮಾಡೋ ಕೆಲಸವನ್ನೇ ಇಲ್ಲಿ ಹರ್‌ಸೆಲ್ಫ್ ಮಾಡುತ್ತಿದೆ.

ಈಗ ಇನ್ನೊಂದು ನೋಡು. 'ಅಜ್ಜಿ ಕಟ್ ಹರ್‌ಸೆಲ್ಫ್.' ಇಲ್ಲಿ ಹರ್‌ಸೆಲ್ಫ್ ತೆಗೆದುಬಿಡು. 'ಅಜ್ಜಿ ಕಟ್' ಅಂದರೆ ಏನು ಕೊಯ್ದಳು? ಮಾತು ಅರ್ಧಕ್ಕೇ ನಿಂತಿತು. ನಿನ್ನೆ ಕುಡುಗೋಲು ಜಾರಿ ಕೈ ಕೊಯ್ದುಕೊಂಡಳಲ್ಲ, ಅದನ್ನು ಹೇಳೋ ವಾಕ್ಯ ಅದು. ಕೊಯ್ದಳು, ಕೊಯ್ದುಕೊಂಡಳು. ಕನ್ನಡದಲ್ಲಿ ಒತ್ತಿ ಹೇಳೋಕೆ 'ಏ', ತನಗೇ ಮಾಡಿಕೊಂಡರೆ 'ಕೊಂಡಳು'. ಇಂಗ್ಲಿಷಿನಲ್ಲಿ ಎರಡಕ್ಕೂ ಅದೊಂದೇ ಸೆಲ್ಫ್. ನನ್ನ ಕ್ಲಾಸಿನ ಮಕ್ಕಳು ಎಡವೋದು ಇಲ್ಲೇ. ಅದಕ್ಕೇ ನಾನು ಮೊದಲು ಕನ್ನಡದಲ್ಲಿ ಹೇಳಿಸುತ್ತೇನೆ. ಸೆಲ್ಫ್ ತೆಗೆದರೂ ವಾಕ್ಯ ನಿಂತರೆ ಸಾಮಾನ್ಯವಾಗಿ ಅದು ಒತ್ತು. ಪರೀಕ್ಷೆಯಲ್ಲಿ ಅದಕ್ಕೆ ಎಂಫ್ಯಾಟಿಕ್ ಅಂತ ಬರಿ, ಇನ್ನೊಂದಕ್ಕೆ ರಿಫ್ಲೆಕ್ಸಿವ್.

ಎಲ್ಲಿ ಇಡಬೇಕು ಅಂತಲೂ ಕೇಳಿದ್ದೆ. ಕೊನೆಯಲ್ಲಿ ಇಟ್ಟರೆ ಯಾರ ಸಹಾಯವೂ ಇಲ್ಲದೆ ಕೈಯಾರೆ ಮಾಡಿದಳು ಅನ್ನೋ ಭಾವ ಜಾಸ್ತಿ. ಹೆಸರಿನ ಪಕ್ಕದಲ್ಲೇ ಇಟ್ಟರೆ ಗತ್ತು ಬೇರೆ. 'ದ ಡಿಸಿ ಹಿಮ್‌ಸೆಲ್ಫ್ ಕೇಮ್' ಅಂದರೆ ಬೇರೆ ಯಾರೋ ಅಲ್ಲ, ಸಾಕ್ಷಾತ್ ಡಿಸಿ ಸಾಹೇಬರೇ ಬಂದರು. ಅಜ್ಜಿ ಸೊಪ್ಪಿಗೆ ನೀನು ಕೊನೆಯಲ್ಲಿ ಇಟ್ಟಿದ್ದು ಸರಿಯಾಗಿದೆ. ಓದಿ ನನಗೆ ತುಂಬಾ ಖುಷಿ ಆಯ್ತು.

ಒಂದು ಕಡೆ ಮಾತ್ರ ನಮ್ಮ 'ಏ' ದಾರಿ ತಪ್ಪಿಸುತ್ತದೆ. ನಾವು ಅದನ್ನು ಯಾವುದಕ್ಕೆ ಬೇಕಾದರೂ ಅಂಟಿಸುತ್ತೇವೆ. ಇವತ್ತೇ, ಇಲ್ಲೇ, ಈಗಲೇ. ಅದನ್ನೇ ಇಂಗ್ಲಿಷಿಗೆ ತಂದು 'ಟುಡೇ ಇಟ್‌ಸೆಲ್ಫ್', 'ಹಿಯರ್ ಇಟ್‌ಸೆಲ್ಫ್' ಅನ್ನುತ್ತೇವೆ. ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥ ಆಗುತ್ತದೆ, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲೂ ಕೇಳಿದ್ದೇನೆ. ಪರೀಕ್ಷೆಯಲ್ಲಿ ಮಾತ್ರ ಬೇಡ. 'ದಿಸ್ ವೆರಿ ಡೇ', 'ರೈಟ್ ಹಿಯರ್' ಅಂತ ಬರಿ. 'ಮಾರ್ಕೆಟ್ ಇಟ್‌ಸೆಲ್ಫ್' ಅನ್ನಬಹುದು, ಮಾರ್ಕೆಟ್ ಅನ್ನೋದು ನಾಮಪದ. ಹಾಗೇ 'ಮೈಸೆಲ್ಫ್ ಪುಟ್ಟಿ' ಅಂತ ಪರಿಚಯ ಶುರು ಮಾಡಬೇಡ. ಸುಮ್ನೆ 'ಐ ಆಮ್' ಸಾಕು.

ನಾಳೆ ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕೋದನ್ನೇ ಇಟ್ಟುಕೊಂಡು ನಾಲ್ಕು ವಾಕ್ಯ ಬರಿ. ಎರಡು ಒತ್ತಿನದು, ಎರಡು 'ಕೊಂಡಳು' ಅನ್ನೋದು. ಫೋಟೋ ತೆಗೆದು ಇಲ್ಲೇ ಹಾಕು, ರಾತ್ರಿ ನೋಡುತ್ತೇನೆ.

ಅಣ್ಣಾ, ಅಮ್ಮನ ಕೈ ಹೇಗಿದೆ? ಅರಿಶಿನ ಮೆತ್ತಿಕೊಂಡು ಸುಮ್ಮನೆ ಕೂತಿರುತ್ತಾಳೆ, ನನಗೆ ಗೊತ್ತು. ಕುಡುಗೋಲಿನ ಗಾಯ, ಇವತ್ತೇ ಕರೆದುಕೊಂಡು ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿಬಿಡು.