ಸಹಾಯ ಬೇಕು: ಪೋರ್ಟ್ ಫಾರ್ವರ್ಡಿಂಗ್ ಮಾಡಿದರೂ ಹೊರಗಿನಿಂದ ಸರ್ವರ್ ಸಿಗುತ್ತಿಲ್ಲ
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ.

ಹಳೇ ಲ್ಯಾಪ್‌ಟಾಪಿನಲ್ಲಿ ಫೋಟೋ ಸರ್ವರ್ ಹಾಕಿದ್ದೇನೆ, ಪೋರ್ಟ್ 8080. ವೈಫೈ ರೂಟರ್‌ನಲ್ಲಿ ಅದಕ್ಕೆ 192.168.0.50 ಅಂತ ಐಪಿ ಕಾಯಂ ಮಾಡಿ, ಹೊರಗಿನಿಂದ ಬರುವ ಸಂಪರ್ಕವನ್ನು ಆ ಲ್ಯಾಪ್‌ಟಾಪಿಗೆ ಕಳಿಸುವ ಫಾರ್ವರ್ಡಿಂಗ್ ರೂಲ್ ಕೂಡ ಬರೆದೆ. ಮನೆಯೊಳಗೆ ಚೆನ್ನಾಗಿ ತೆರೆಯುತ್ತದೆ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿದರೆ ಸುಮ್ನೆ ಸುತ್ತುತ್ತಲೇ ಇರುತ್ತದೆ. (ಹೌದು, ಲ್ಯಾಪ್‌ಟಾಪಿನ ಫೈರ್‌ವಾಲ್ ಆಫ್ ಮಾಡಿಯೂ ನೋಡಿದೆ!)

ಆಮೇಲೆ ರೂಟರ್‌ನ ಸ್ಟೇಟಸ್ ಪುಟ ತೆರೆದರೆ ವ್ಯಾನ್ ಐಪಿ (ರೂಟರ್‌ನ ಹೊರಬದಿಯ ವಿಳಾಸ) 192.168.1.3 ಅಂತಿತ್ತು. ಅಂದರೆ ಮುಂದಿರುವ ಫೈಬರ್ ಮೋಡೆಮ್ ಕೂಡ ನ್ಯಾಟ್ (ಒಂದೇ ಹೊರ ವಿಳಾಸವನ್ನು ಹಲವು ಸಾಧನಗಳಿಗೆ ಹಂಚುವುದು) ಮಾಡುತ್ತಿದೆ, ಡಬಲ್ ನ್ಯಾಟ್ ಅಲ್ವಾ? ಅದನ್ನು ಬ್ರಿಡ್ಜ್ ಮೋಡ್‌ಗೆ (ನ್ಯಾಟ್ ಮಾಡದೆ ನೇರ ದಾಟಿಸುವಂತೆ) ಹಾಕಿದೆ. ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ಈಗ ವ್ಯಾನ್ ಐಪಿ 100.72ರಿಂದ ಶುರುವಾಗುತ್ತದೆ, ಹೊರಗಿನ ವೆಬ್‌ಸೈಟ್ ತೋರಿಸುವ ಐಪಿಯೇ ಬೇರೆ. 100.64ರಿಂದ 100.127ರವರೆಗಿನದು ಇಂಟರ್ನೆಟ್ ಕಂಪನಿ ಮಟ್ಟದ ನ್ಯಾಟ್‌ಗೆ ಮೀಸಲು ಅಂತ ಓದಿದೆ. ಹಾಗಾದರೆ ನನ್ನ ರೂಲ್ ಎಷ್ಟು ಸರಿಯಿದ್ದರೂ ಪ್ಯಾಕೆಟ್ ನನ್ನ ಬಾಗಿಲಿಗೇ ಬರುವುದಿಲ್ಲ.

ಹೊರಗಿನಿಂದ ನೇರ ತಲುಪಬಹುದಾದ ಪಬ್ಲಿಕ್ ಐಪಿ ಕೇಳಿದರೆ ಕಸ್ಟಮರ್ ಕೇರ್‌ನವರು "ರೂಟರ್ ರೀಸ್ಟಾರ್ಟ್ ಮಾಡಿ" ಅನ್ನುತ್ತಾರೆ. ಐಪಿವಿ6 (ಹೊಸ ತಲೆಮಾರಿನ ಐಪಿ ವಿಳಾಸ) ಬರುತ್ತಿದೆ. ಅದರಲ್ಲೇ ಫೈರ್‌ವಾಲ್ ತೆರೆದು ಕೆಲಸ ಮುಗಿಸಬಹುದಾ, ಇಲ್ಲಾ ವೈರ್‌ಗಾರ್ಡ್ ಅನ್ನುವ ವಿಪಿಎನ್ ಟನಲ್ ಹಾಕುವುದು ಒಳ್ಳೆಯದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.