ಆಲ್ಪ್ಸ್‌ನಲ್ಲಿ ಕಾರು ಓಡಿಸಲು ಚೆಂದದ ಘಾಟಿ ರಸ್ತೆ ಯಾವುದು?

ಪ್ರಶ್ನೆ: ಜೂನ್ ಮೊದಲ ವಾರ ಜ್ಯೂರಿಕ್‌ನಲ್ಲಿ ಕಾರು ಬಾಡಿಗೆಗೆ ತಗೊಂಡು ಆಂಡರ್‌ಮಾಟ್ ಕಡೆ ಹೊರಟಿದ್ದೇವೆ. ಸುರಂಗದಲ್ಲಿ ಸುಮ್ನೆ ದಾಟಿ ಹೋಗುವುದು ಬೇಡ, ಬೆಟ್ಟ ನೋಡಬೇಕು. ಅಮ್ಮನೂ ಇರುತ್ತಾರೆ, ತಿರುವು ಜಾಸ್ತಿಯಾದರೆ ಅವರಿಗೆ ತಲೆ ಸುತ್ತುತ್ತದೆ. ಯಾವ ರಸ್ತೆ ಹಿಡಿಯಲಿ?

ಉತ್ತರ 1: ಆಗುವುದಾದರೆ ಜೂನ್ ಕೊನೆಗೆ ಹಾಕಿಕೊಳ್ಳಿ. ಆಂಡರ್‌ಮಾಟ್ ಸುತ್ತಲಿನ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಘಾಟಿಗಳು ಮೂರೂ 2,000 ಮೀಟರ್ ಮೇಲಿವೆ, ಹಿಮ ತೆಗೆದು ರಸ್ತೆ ಬಿಡುವ ಹೊತ್ತಿಗೆ ಕೆಲವು ವರ್ಷ ಜೂನ್ ಬಂದಿರುತ್ತದೆ. ಆಂಡರ್‌ಮಾಟ್‌ನಿಂದ ಫುರ್ಕಾ ಹತ್ತಿ ಆಚೆ ಬದಿಯ ಗ್ಲೆಚ್ ಊರಿಗೆ ಇಳಿಯಿರಿ, ಆಮೇಲೆ ಗ್ರಿಮ್ಸೆಲ್ ದಾಟಿ ಸುಸ್ಟೆನ್ ಮೇಲೆ ವಾಪಸ್ ಬಂದರೆ ಒಂದು ಸುತ್ತು ಮುಗಿಯಿತು. ಫುರ್ಕಾ ಇಳಿಯುವಾಗ ಬೆಲ್ವೆಡೆರ್ ತಿರುವಿನಲ್ಲಿ ನಿಲ್ಲಿಸಿ. ಹಿಂದೆ ಗ್ಲೆಚ್‌ವರೆಗೂ ಇಳಿದಿದ್ದ ರೋನ್ ಹಿಮನದಿ ಎಷ್ಟು ಮೇಲಕ್ಕೆ ಸರಿದಿದೆ ನೋಡಿದರೆ ಸಂಕಟವಾಗುತ್ತದೆ.

ಉತ್ತರ 2: ಅಮ್ಮನಿಗೆ ಸುಸ್ಟೆನ್ ಒಂದೇ ಸಾಕು. 1946ರಲ್ಲಿ ತೆರೆದ, ಕಾರಿಗೆಂದೇ ಕಟ್ಟಿದ ರಸ್ತೆ ಅದು, ಹಾಗಾಗಿ ತಿರುವಿನ ಕಾಟ ಕಡಿಮೆ. ಇಟಲಿಯ ಸ್ಟೆಲ್ವಿಯೋ ಘಾಟಿಗೆ ಮಾತ್ರ ಕರೆದೊಯ್ಯಬೇಡಿ, ಒಂದು ಮಗ್ಗುಲಲ್ಲೇ 48 ಹಿಮ್ಮುರಿ ತಿರುವು!

ಉತ್ತರ 3: ತಿರುವಿನಾಚೆ ಮೂರು ಸ್ವರದ ಹಾರ್ನ್ ಕೇಳಿದರೆ ಹಳದಿ ಅಂಚೆ ಬಸ್ (ಹೆಸರು ಹಾಗಿದ್ದರೂ ಪ್ರಯಾಣಿಕರ ಬಸ್ಸೇ) ಬರುತ್ತಿದೆ ಅಂತ ಅರ್ಥ. ಅದಕ್ಕೆ ಜಾಗ ಬಿಡಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇರಬೇಡಿ, ಕೆಳಗಿನ ಗೇರ್ ಹಾಕಿ.