ಅಪ್‌ಡೇಟ್: ಎಚ್‌ಐವಿ ಮಾತ್ರೆ ನಿಲ್ಲಿಸಲಿಲ್ಲ, ಎಲ್‌ಡಿಎಲ್ ಇಳಿದಿದೆ

ಮೂರು ತಿಂಗಳ ಹಿಂದೆ ಕೇಳಿದ್ದೆ: ಒಂಬತ್ತು ವರ್ಷದಿಂದ ಎಆರ್‌ಟಿ (ಎಚ್‌ಐವಿ ಹಿಡಿತದಲ್ಲಿಡುವ ಮಾತ್ರೆ) ತಗೊಳ್ತಿದ್ದೇನೆ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಹಿಡಿತದಲ್ಲಿದೆ. ಆದರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 168, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್. ಮಾತ್ರೆ ನಿಲ್ಲಿಸಲಾ ಅಂತ.

ಬೇಡ ಎಂದವರಿಗೆಲ್ಲ ಕೈಮುಗಿಯುತ್ತೇನೆ. ಎಆರ್‌ಟಿ ಸೆಂಟರ್ ಡಾಕ್ಟರೂ ಅದನ್ನೇ ಹೇಳಿದರು. ಬಿಟ್ಟರೆ ವೈರಸ್ ಮತ್ತೆ ಏರುತ್ತೆ, ಹೃದಯಕ್ಕೂ ಅದು ಒಳ್ಳೇದಲ್ಲ. ಡೊಲುಟೆಗ್ರಾವಿರ್ ಇರುವ ಟಿಎಲ್‌ಡಿ ಅನ್ನೋ ಎಚ್‌ಐವಿ ಮಾತ್ರೆಗೆ ಬದಲಾದ ಮೇಲೆ ನನ್ನ ತೂಕ 11 ಕೆಜಿ ಏರಿತ್ತು, ಲಿವರ್ ಕೊಬ್ಬಿಗೆ ಅದೂ ಕಾರಣವಂತೆ. ಫೈಬ್ರೋಸ್ಕ್ಯಾನ್‌ನಲ್ಲಿ ಲಿವರ್ ಗಟ್ಟಿಯಾಗಿಲ್ಲ ಅಂತ ಬಂತು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಕೊಲೆಸ್ಟ್ರಾಲ್ ಇಳಿಸೋಕೆ ಅಟೊರ್ವಾಸ್ಟಾಟಿನ್ 10 ಎಂಜಿ ಕೊಟ್ಟಿದ್ದಾರೆ. ನನ್ನ ಡೊಲುಟೆಗ್ರಾವಿರ್ ಜೊತೆ ತೊಂದರೆ ಇಲ್ಲ. ಆದರೆ ರಿಟೊನಾವಿರ್ ಇರುವ ಎಚ್‌ಐವಿ ಮಾತ್ರೆ ತಗೊಳ್ಳೋರು ಹುಷಾರು, ಅದರ ಜೊತೆ ಸಿಮ್ವಾಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಮಾತ್ರೆ ಸೇರಲೇಬಾರದು. ಯಾವ ಡಾಕ್ಟರ್ ಹತ್ತಿರ ಹೋದರೂ ಎಆರ್‌ಟಿ ಚೀಟಿ ತೋರಿಸಿ, ದಯವಿಟ್ಟು ಮುಚ್ಚಿಡಬೇಡಿ. 2023ರ ರಿಪ್ರೀವ್ ಅಧ್ಯಯನದಲ್ಲಿ ಎಚ್‌ಐವಿ ಇರುವ 40ರಿಂದ 75 ವಯಸ್ಸಿನವರಿಗೆ ಇದೇ ಗುಂಪಿನ ಪಿಟವಾಸ್ಟಾಟಿನ್ ಮಾತ್ರೆ ಕೊಟ್ಟಾಗ ಹೃದಯಾಘಾತದಂಥ ಅಪಾಯ ಶೇ. 35ರಷ್ಟು ಕಡಿಮೆಯಾಗಿತ್ತು.

ಸಂಜೆಯ ಬೇಕರಿ ಪಫ್ಸ್ ಬಿಟ್ಟೆ. ಅಕ್ಕ ಈಗ ಹುರಿಗಡಲೆ ಡಬ್ಬಿ ಚೀಲಕ್ಕೆ ಹಾಕಿ ಕಳಿಸ್ತಾಳೆ. ದಿನಾ 40 ನಿಮಿಷ ಕೆರೆ ಏರಿ ಮೇಲೆ ನಡೀತೀನಿ.

ನಿನ್ನೆ ರಿಪೋರ್ಟ್ ಬಂತು. ಎಲ್‌ಡಿಎಲ್ 104, ತೂಕ 4 ಕೆಜಿ ಕಡಿಮೆ. ಲಿವರ್ ಸ್ಕ್ಯಾನ್ ಆರು ತಿಂಗಳ ನಂತರ ಮತ್ತೆ ಇದೆ.